ರೇವನ್ ಚಿತ್ರಪರೀಕ್ಷೆ: ಬಿಡಿಸುವ ಬಗೆ

ಮಾತಿನ ನೆರವಿಲ್ಲದೆ, ಬರೀ ಆಕೃತಿಗಳಿಂದ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಗಳಲ್ಲಿ ಹೆಸರಾದದ್ದು ರೇವನ್ ಪ್ರೋಗ್ರೆಸಿವ್ ಮ್ಯಾಟ್ರಿಸಸ್. ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಸಿ. ರೇವನ್ 1938ರಲ್ಲಿ ಪ್ರಕಟಿಸಿದ ಇದರ ಮೂಲರೂಪದಲ್ಲಿ ಐದು ಗುಂಪುಗಳಿದ್ದು, ಒಟ್ಟು 60 ಪ್ರಶ್ನೆಗಳಿವೆ. ಕಠಿಣ ಪ್ರಶ್ನೆಗಳಲ್ಲಿ ಒಂಬತ್ತು ಮನೆಗಳ ಚೌಕದ ಕೊನೆಯ ಮನೆ ಖಾಲಿ ಇರುತ್ತದೆ. ಕೆಳಗೆ ಕೊಟ್ಟ ಎಂಟು ಆಕೃತಿಗಳಲ್ಲಿ ಅಲ್ಲಿಗೆ ಸಲ್ಲುವುದನ್ನು ಆರಿಸಬೇಕು. ಚುರುಕು ಬುದ್ಧಿಯವರಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮೊದಲ ಗುಂಪಿನ ಸುಲಭ ಪ್ರಶ್ನೆಗಳ ಮಟ್ಟಿಗೆ ಅದು ನಿಜವಿರಬಹುದು, ಅಲ್ಲಿ ವಿನ್ಯಾಸದ ಹರಿದ ಭಾಗವನ್ನು ತುಂಬಿದರಾಯಿತು. ಮುಂದಿನವುಗಳಲ್ಲಿ ಗೆಲ್ಲುವುದು ತೊಡಕನ್ನು ತುಂಡುಮಾಡಿಕೊಳ್ಳಬಲ್ಲ ಮನಸ್ಸು.

ಅಮೆರಿಕದ ಪೆಟ್ರೀಷಿಯಾ ಕಾರ್ಪೆಂಟರ್, ಮಾರ್ಸೆಲ್ ಜಸ್ಟ್ ಮತ್ತು ಪೀಟರ್ ಶೆಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲವಾದ ಆಧಾರ. ಪರೀಕ್ಷೆ ಬರೆಯುವವರ ಕಣ್ಣಿನ ಚಲನೆಯನ್ನು ಅವರು ದಾಖಲಿಸಿದರು. ಜನ ಅಕ್ಕಪಕ್ಕದ ಆಕೃತಿಗಳನ್ನು ಜೋಡಿಜೋಡಿಯಾಗಿ ಹೋಲಿಸುತ್ತಾರೆ. ಗೆರೆಗಳ ಸಂಖ್ಯೆ ಏರುವ ನಿಯಮ ಸಿಕ್ಕಮೇಲೆ ಆಕಾರದ ನಿಯಮಕ್ಕೆ ಕೈಹಾಕುತ್ತಾರೆ. ಇಡೀ ಪರೀಕ್ಷೆಯ ಹಿಂದಿರುವ ನಿಯಮಗಳ ಬಗೆ ಬೆರಳೆಣಿಕೆಯಷ್ಟು, ಒಂದೇ ಚೌಕದಲ್ಲಿ ಅವು ಹೆಣೆದುಕೊಂಡಾಗ ಕಷ್ಟ ಹುಟ್ಟುತ್ತದೆ. ಹೆಚ್ಚು ಅಂಕದವರು ಸಾಮಾನ್ಯವಾಗಿ ಉತ್ತರವನ್ನು ಮನಸ್ಸಿನಲ್ಲೇ ಕಟ್ಟಿ ನಂತರ ಆಯ್ಕೆಗಳತ್ತ ನೋಡುತ್ತಾರೆ. ಕಡಿಮೆ ಅಂಕದವರು ಆಯ್ಕೆಗಳಿಗೂ ಚೌಕಕ್ಕೂ ಪದೇಪದೇ ಓಡಾಡುತ್ತಾರೆ ಎಂಬುದನ್ನು ಬೇರೆ ಅಧ್ಯಯನಗಳೂ ತೋರಿಸಿವೆ.

ಇಷ್ಟೆಲ್ಲ ನೆನಪಿನ ಸಾಮರ್ಥ್ಯದ ಆಟವಲ್ಲವೇ ಎಂಬ ಆಕ್ಷೇಪ ಗಂಭೀರವಾದದ್ದು. ಕಂಡ ನಿಯಮವನ್ನು ಮರೆಯದೆ ಮುಂದಿನದನ್ನು ಹುಡುಕಬೇಕಾದ್ದರಿಂದ ನೆನಪಿನ ಪಾತ್ರ ಇದ್ದೇ ಇದೆ. ಆದರೆ ಜಾನ್ ಡಂಕನ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಉತ್ತರವನ್ನು ಭಾಗಭಾಗವಾಗಿ ಕಾಗದದ ಮೇಲೆ ಬಿಡಿಸಲು ಅವಕಾಶವಿತ್ತು, ನೆನಪಿನ ಹೊರೆ ಹಗುರವಾಗಿತ್ತು. ಆಗಲೂ ಹಲವರು ಸೋತರು. ಅದೇ ಸಮಸ್ಯೆಯನ್ನು ತುಂಡುಮಾಡಿ, ಒಂದೊಂದು ಅಂಶವನ್ನೇ ಪ್ರತ್ಯೇಕವಾಗಿ ಮುಂದಿಟ್ಟಾಗ ಕಡಿಮೆ ಅಂಕದವರೂ ಬಹುಪಾಲು ಸರಿಯಾಗಿ ಮಾಡಿದರು. ಕೊರತೆ ಇದ್ದದ್ದು ಎಲ್ಲಿ ಕತ್ತರಿಸಬೇಕೆಂದು ತಾವಾಗಿ ಗುರುತಿಸುವುದರಲ್ಲಿ.

ಈ ಸಾಮರ್ಥ್ಯ ಹುಟ್ಟಿನಿಂದಲೇ ಅಚಲವೆಂದು ವಾದಿಸುವವರಿಗೆ ಜೇಮ್ಸ್ ಫ್ಲಿನ್ 1987ರಲ್ಲಿ ಮುಂದಿಟ್ಟ ಅಂಕಿಅಂಶ ಉತ್ತರವಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸೇನೆಗೆ ಕರೆಬಂದ ಯುವಕರು ಇಂಥದೇ ಪರೀಕ್ಷೆಯಲ್ಲಿ ಪಡೆದ ಸರಾಸರಿ, 1952ರಿಂದ 1982ರ ನಡುವೆ ಸುಮಾರು 20 ಐಕ್ಯೂ ಅಂಕ ಏರಿತ್ತು. ಒಂದು ತಲೆಮಾರಿನಲ್ಲಿ ವಂಶವಾಹಿಗಳು ಅಷ್ಟು ಬದಲಾಗುವುದಿಲ್ಲ; ಶಾಲೆ, ಆಹಾರ, ಅಮೂರ್ತವಾಗಿ ಯೋಚಿಸುವ ರೂಢಿ ಬದಲಾಗುತ್ತವೆ. ಹಾಗಾಗಿ ಮಗುವಿನ ಭವಿಷ್ಯವನ್ನು ಈ ಅಂಕವೊಂದರಿಂದಲೇ ತೀರ್ಮಾನಿಸುವುದು ಅನ್ಯಾಯ. ಮಗು ಎಲ್ಲಿ ತಡವರಿಸಿತೆಂಬುದನ್ನೂ ಪರೀಕ್ಷಕರು ಬರೆದಿಡಬೇಕು.