ಗಂಡುಮಕ್ಕಳ ತಂಡಕ್ಕೆ ಮೇಡಂ ಕೋಚ್: ಬಂದವರು ಯಾರು, ಉಳಿದವರು ಯಾರು?

ಅರಕೇರಾದಿಂದ ಮಾತಾಡ್ತಿದೀನಿ.  ಇವತ್ತಿನ ಇತಿಹಾಸ ಭಾಳ ಹಳೇದಲ್ಲ. ಗಂಡುಮಕ್ಕಳ ಫುಟ್‌ಬಾಲ್ ತಂಡಗಳಿಗೆ ಹೆಣ್ಣುಮಕ್ಕಳು ಕೋಚ್ ಆದ ಕಥೆ ಇದು.

ಶುರು ಮಾತ್ರ ನಮ್ಮ ಆರ್‌ಸಿಬಿಯಿಂದ ಮಾಡೋಣ. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರು ತಂಡ ಮುಂದಿನ ಐಪಿಎಲ್‌ಗಾಗಿ ನವನೀತಾ ಗೌತಮ್ ಅವರನ್ನ ಸ್ಪೋರ್ಟ್ಸ್ ಮಸಾಜ್ ಥೆರಪಿಸ್ಟ್ ಆಗಿ ತಗೊಂಡಿತು. ಗಂಡುಮಕ್ಕಳ ಐಪಿಎಲ್ ತಂಡದ ಸಹಾಯಕ ಸಿಬ್ಬಂದಿಯಲ್ಲಿ ಒಬ್ಬ ಹೆಣ್ಣುಮಗಳು ಅಂತ ದೊಡ್ಡ ಸುದ್ದಿಯಾಯಿತು. ಕೊಹ್ಲಿ, ಡಿವಿಲಿಯರ್ಸ್ ಇದ್ದ ತಂಡ ಅದು. ಆದ್ರ ಒಂದು ಮಾತು ಗಮನಿಸ್ರಿ. ಅವರ ಕೆಲಸ ಆಟಗಾರರ ಸ್ನಾಯುಗಳನ್ನ ಸರಿ ಇಡೋದು, ಬ್ಯಾಟಿಂಗ್ ಹೇಳಿಕೊಡೋದಲ್ಲ. ಮೈನೋವು ತೆಗೆಯೋ ಕೆಲಸಕ್ಕೆ ಹೆಣ್ಣುಮಗಳನ್ನ ಒಪ್ಪೋ ತಂಡಗಳು ಆಟ ಕಲಿಸೋ ಕೆಲಸಕ್ಕೆ ಯಾಕೆ ಇಷ್ಟು ತಡ ಮಾಡ್ತಾವ? ಈ ಪ್ರಶ್ನೆಗೆ ಹೆಚ್ಚು ಉತ್ತರ ಸಿಗೋದು ಫುಟ್‌ಬಾಲ್‌ನಲ್ಲಿ.

ಫುಟ್‌ಬಾಲ್ ಅಂದ್ರ ಎರಡು ಆಟ ಅಂತ ಮೊದಲೇ ಹೇಳಿಬಿಡ್ತೀನಿ. ಒಂದು ನಾವು ನೋಡೋ ಕಾಲ್ಚೆಂಡು. ಇನ್ನೊಂದು ಅಮೆರಿಕದ್ದು: ತಲೆಗೆ ಹೆಲ್ಮೆಟ್, ಕೈಯಾಗ ಮೊಟ್ಟೆ ಆಕಾರದ ಚೆಂಡು, ಒಬ್ಬರ ಮೇಲೊಬ್ಬರು ಬೀಳೋ ಆಟ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಅದರ ಕೆಳಗೆ ಕಾಲೇಜು ತಂಡಗಳು.

ಕಾಲ್ಚೆಂಡಿನ ಕಥೆ 1999ಕ್ಕೆ ಹೋಗುತ್ತದೆ. ಇಟಲಿಯ ದೊಡ್ಡ ಆಟಗಾರ್ತಿ ಕರೋಲಿನಾ ಮೊರಾಚೆ ಅವರನ್ನ ವಿಟರ್ಬೇಸೆ ಅನ್ನೋ ಪುರುಷರ ವೃತ್ತಿಪರ ತಂಡ ಕೋಚ್ ಮಾಡಿತು. ಎರಡೇ ಪಂದ್ಯ ಆದ ಮೇಲೆ ಅವರು ರಾಜೀನಾಮೆ ಕೊಟ್ಟರು. 2014ರಲ್ಲಿ ಫ್ರಾನ್ಸಿನ ಎರಡನೇ ದರ್ಜೆಯ ಲೀಗ್‌ನ ಕ್ಲೆರ್ಮಾಂಟ್ ತಂಡ ಪೋರ್ಚುಗಲ್‌ನ ಹೆಲೆನಾ ಕೋಸ್ಟಾ ಅವರನ್ನ ಆರಿಸಿತು. ಸೀಸನ್ ಶುರುವಾಗೋ ಮೊದಲೇ ಅವರು ಹೊರಟುಹೋದರು. ಆದ್ರ ಕ್ಲಬ್ ಹಿಂದೆ ಸರಿಯಲಿಲ್ಲ. ಆ ಜಾಗಕ್ಕೆ ಫ್ರಾನ್ಸ್ ಮಹಿಳಾ ತಂಡಕ್ಕೆ 121 ಪಂದ್ಯ ಆಡಿದ್ದ ಕೊರಿನ್ ಡಿಯಾಕ್ರ್ ಬಂದರು. 2017ರವರೆಗೆ ಪೂರ್ತಿ ಮೂರು ಸೀಸನ್ ನಿಂತರು.

ನಮ್ಮ ಏಷ್ಯಾದಾಗ ಇದಕ್ಕಿಂತ ದೊಡ್ಡದೊಂದು ನಡೆಯಿತು. ಹಾಂಗ್‌ಕಾಂಗ್‌ನ ಚಾನ್ ಯುಯೆನ್-ಟಿಂಗ್ ಮೊದಲು ಒಂದು ಕ್ಲಬ್ಬಿನಲ್ಲಿ ಪಂದ್ಯಗಳ ಅಂಕಿ-ಅಂಶ ನೋಡೋ ಕೆಲಸದಲ್ಲಿದ್ದರು. 2015ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ತಂಡದ ಮುಖ್ಯ ಕೋಚ್ ಬಿಟ್ಟು ಹೋದಾಗ ಆ ಜವಾಬ್ದಾರಿ ಇವರಿಗೆ ಬಂತು. 2016ರ ಏಪ್ರಿಲ್‌ನಲ್ಲಿ ಈಸ್ಟರ್ನ್ 21 ವರ್ಷದ ನಂತರ ಲೀಗ್ ಗೆದ್ದಿತು. ಆಗ ಚಾನ್‌ಗೆ 27 ವರ್ಷ. ಒಂದು ದೇಶದ ಅತ್ಯುನ್ನತ ಪುರುಷರ ಲೀಗ್ ಗೆಲ್ಲಿಸಿದ ಮೊದಲ ಮಹಿಳಾ ಕೋಚ್ ಅಂತ ಗಿನ್ನೆಸ್ ದಾಖಲೆ ಆಯಿತು. ಮರುವರ್ಷ ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ ಚೀನಾದ ಗ್ವಾಂಗ್‌ಝೌ ಎದುರು 7-0 ಸೋಲು. ಎದುರಿನ ಬೆಂಚಿನಲ್ಲಿ ಇದ್ದವರು 2002ರಲ್ಲಿ ಬ್ರೆಜಿಲ್‌ಗೆ ವಿಶ್ವಕಪ್ ಗೆಲ್ಲಿಸಿದ ಸ್ಕೊಲಾರಿ! ಸೋಲೋದಕ್ಕೂ ಆ ಮಟ್ಟಕ್ಕೆ ಹೋಗಬೇಕಲ್ರೀ.

ಈಗ ಅಮೆರಿಕಕ್ಕೆ ಹೋಗೋಣ. 2015ರಲ್ಲಿ ಅರಿಝೋನಾ ಕಾರ್ಡಿನಲ್ಸ್ ತಂಡದ ಕೋಚ್ ಬ್ರೂಸ್ ಏರಿಯನ್ಸ್, ಜೆನ್ ವೆಲ್ಟರ್ ಅವರನ್ನ ತರಬೇತಿ ಶಿಬಿರಕ್ಕೆ ಇಂಟರ್ನ್ ಕೋಚ್ ಆಗಿ ಕರೆದರು. ಎನ್‌ಎಫ್‌ಎಲ್‌ನಲ್ಲಿ ಕೋಚಿಂಗ್ ಕೆಲಸ ಸಿಕ್ಕ ಮೊದಲ ಹೆಣ್ಣುಮಗಳು ಇವರೇ. ಮನೋವಿಜ್ಞಾನದಲ್ಲಿ ಪಿಎಚ್‌ಡಿ ಆದವರು. ಗಂಡುಮಕ್ಕಳ ಒಳಾಂಗಣ ವೃತ್ತಿಪರ ತಂಡದಾಗ ತಾವೇ ಆಡಿದವರು. ಇಷ್ಟಿದ್ದರೂ ಸಿಕ್ಕದ್ದು ಕೆಲವು ವಾರಗಳ ಕೆಲಸ.

ಮುಂದಿನ ವರ್ಷ, 2016ರಲ್ಲಿ, ಬಫಲೋ ಬಿಲ್ಸ್ ತಂಡ ಕ್ಯಾಥರಿನ್ ಸ್ಮಿತ್ ಅವರನ್ನ ಕ್ವಾಲಿಟಿ ಕಂಟ್ರೋಲ್ ಕೋಚ್ ಮಾಡಿತು. ಲೀಗ್‌ನ ಮೊದಲ ಪೂರ್ಣಾವಧಿ ಮಹಿಳಾ ಕೋಚ್. ಈ ಕೆಲಸ ಏನಪಾ ಅಂದ್ರ, ಎದುರಾಳಿ ಆಡಿದ ಪಂದ್ಯಗಳ ವಿಡಿಯೊ ನೋಡಿ, ಒಂದೊಂದು ಚಾಲು ಬಿಡಿಸಿ ಬರೆದು, ದೊಡ್ಡ ಕೋಚ್‌ಗಳ ಮುಂದೆ ಇಡೋದು. ಹೆಸರು ಬರೋದಿಲ್ಲ, ನಿದ್ದೆ ಇರೋದಿಲ್ಲ. ಆದ್ರ ಆಟ ಒಳಗಿಂದ ಅರ್ಥ ಆಗೋದು ಅಲ್ಲೇ.

ಸ್ಮಿತ್ ಇದಕ್ಕೂ ಮೊದಲು 2003ರಲ್ಲಿ ಜೆಟ್ಸ್ ತಂಡದಲ್ಲಿ ಇಂಟರ್ನ್ ಆಗಿ ಸೇರಿದ್ದರು. ಬಿಲ್ಸ್‌ನಲ್ಲಿ ಅವರಿಗೆ ಅವಕಾಶ ಕೊಟ್ಟದ್ದು ಮುಖ್ಯ ಕೋಚ್ ರೆಕ್ಸ್ ರಯಾನ್. ಆ ಸೀಸನ್ ಕೊನೆಗೆ ರಯಾನ್ ಕೆಲಸ ಹೋಯಿತು. ಹೊಸ ಕೋಚ್ ಬಂದರು, ಸ್ಮಿತ್ ಅವರನ್ನ ಉಳಿಸಿಕೊಳ್ಳಲಿಲ್ಲ. ಕೋಚ್ ಬದಲಾದ್ರ ಸಹಾಯಕರು ಬದಲಾಗೋದು ಅಲ್ಲಿ ಮಾಮೂಲು, ಗಂಡಸರಿಗೂ ಆಗುತ್ತದೆ. ಆದ್ರ ಕೆಲಸ ಕಳಕೊಂಡ ಗಂಡಸಿಗೆ ಇನ್ನೊಂದು ತಂಡದಾಗ ಗುರುತಿನವರು ಇರ್ತಾರ. ಈ ಹೆಣ್ಣುಮಗಳ ಮುಂದೆ ಆ ದಾರಿಯಲ್ಲಿ ನಡೆದವರೇ ಇರಲಿಲ್ಲ.

ಹೋಲಿಕೆಗೆ ಒಂದು ಹೆಸರು ಹೇಳ್ತೀನಿ, ಬಿಲ್ ಬೆಲಿಚಿಕ್. ಮುಖ್ಯ ಕೋಚ್ ಆಗಿ ಆರು ಸೂಪರ್ ಬೌಲ್ ಗೆದ್ದವರು. ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. 1975ರಲ್ಲಿ ಬಾಲ್ಟಿಮೋರ್ ತಂಡದಲ್ಲಿ ಪಂದ್ಯದ ಫಿಲ್ಮ್ ನೋಡೋ ಸಣ್ಣ ಕೆಲಸದಿಂದಲೇ ಶುರು ಮಾಡಿದರು. “ನೀನು ಆಡಿಲ್ಲ, ನಿನಗೇನು ಗೊತ್ತು?” ಅನ್ನೋ ಮಾತು ಅವರ ದಾರಿಗೆ ಅಡ್ಡ ಆಗಲಿಲ್ಲ. ಅದೇ ಮಾತನ್ನ ಹೆಣ್ಣುಮಗಳ ಮುಂದೆ ಗೋಡೆ ಮಾಡಿ ನಿಲ್ಲಿಸ್ತಾರ.

ಗೋಡೆ ಒಡೆಯೋಕೆ ಬೇಕಾದದ್ದು ಒಬ್ಬ ದೊಡ್ಡ ಮನಸ್ಸಿನ ಕೋಚ್ ಅಷ್ಟೇ ಅಲ್ಲ, ಒಂದು ವ್ಯವಸ್ಥೆ. 2017ರಿಂದ ಎನ್‌ಎಫ್‌ಎಲ್ ಫುಟ್‌ಬಾಲ್ ಕೆಲಸ ಹುಡುಕೋ ಹೆಣ್ಣುಮಕ್ಕಳನ್ನ ಕರೆದು ತಂಡದವರ ಎದುರು ಕೂರಿಸೋ ವೇದಿಕೆ ಶುರು ಮಾಡಿತು. ಕ್ಯಾಲಿ ಬ್ರೌನ್ಸನ್ ಅದರಾಗ ಹಾದು ಬಂದವರು. 2018ರಲ್ಲಿ ಡಾರ್ಟ್‌ಮೌತ್ ಕಾಲೇಜು ಅವರನ್ನ ಪೂರ್ಣಾವಧಿ ಕೋಚ್ ಮಾಡಿಕೊಂಡಿತು, ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಅದು ಮೊದಲು. 2020ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದರು. ಆ ನವೆಂಬರ್‌ನಲ್ಲಿ ಒಬ್ಬ ಸಹಾಯಕ ಕೋಚ್ ತಮ್ಮ ಹೆಂಡತಿಯ ಹೆರಿಗೆಗೆ ಹೋದಾಗ ಪಂದ್ಯದ ದಿನ ಅವರ ಜಾಗದಲ್ಲಿ ನಿಂತವರು ಬ್ರೌನ್ಸನ್. ಆಮೇಲೂ ಅದೇ ತಂಡದಲ್ಲಿ ಉಳಿದು ಮೇಲಿನ ಕೆಲಸ ಪಡೆದರು.

2020ರ ಫೆಬ್ರವರಿಯಲ್ಲಿ ಕೇಟಿ ಸೋವರ್ಸ್ ಸೂಪರ್ ಬೌಲ್‌ಗೆ ಹೋದ ಮೊದಲ ಮಹಿಳಾ ಕೋಚ್ ಆದರು. ಅವರ ತಂಡ ಸೋತಿತು. 2021ರಲ್ಲಿ ಟ್ಯಾಂಪಾ ಬೇ ಗೆದ್ದಾಗ ಲೋರಿ ಲೋಕಸ್ಟ್, ಮರಾಲ್ ಜವಾದಿಫರ್ ಇಬ್ಬರೂ ಆ ಕೋಚಿಂಗ್ ಬಳಗದಲ್ಲಿದ್ದರು. ಅವರನ್ನ ತಗೊಂಡಿದ್ದು ಯಾರು ಗೊತ್ತೇನ್ರೀ? ವೆಲ್ಟರ್‌ಗೆ ಬಾಗಿಲು ತೆಗೆದ ಅದೇ ಏರಿಯನ್ಸ್.

ಅದಕ್ಕೇ ನಾನು ಈ ಇತಿಹಾಸ ಓದುವಾಗ ‘ಮೊದಲ ಮಹಿಳೆ’ ಅನ್ನೋ ಹೆಡ್‌ಲೈನ್ ದಾಟಿ ಎರಡನೇ ವರ್ಷ ಏನಾಯಿತು ಅಂತ ನೋಡ್ತೀನಿ. ಎರಡು ಪಂದ್ಯ, ಕೆಲವು ವಾರ, ಒಂದು ಸೀಸನ್ ಅಂತ ಮುಗಿದವೇ ಹೆಚ್ಚು. ಹೆಣ್ಣುಮಗಳು ಉಳಿದದ್ದು ಕ್ಲಬ್ ಅಥವಾ ಲೀಗ್ ಬೆನ್ನಿಗೆ ನಿಂತಲ್ಲಿ.

ನಮ್ಮ ಕಡೆ ಫುಟ್‌ಬಾಲ್ ಕಡಿಮೆ. ಕಬಡ್ಡಿ, ಖೋಖೋ, ವಾಲಿಬಾಲ್, ಕ್ರಿಕೆಟ್ಟೇ ಹೆಚ್ಚು. ಆದ್ರೂ ಈ ಕಥೆ ನಮಗೆ ದೂರದ್ದಲ್ಲ. ಸರ್ಕಾರಿ ಶಾಲೆಗಳಲ್ಲಿ ಪಿಟಿ ಟೀಚರ್ ಹೆಣ್ಣುಮಗಳಾಗಿದ್ರ, ಹುಡುಗರ ತಂಡವನ್ನೂ ಅವರೇ ತಯಾರು ಮಾಡಿ ವಲಯ ಮಟ್ಟ, ತಾಲ್ಲೂಕು ಮಟ್ಟ ಅಂತ ಕರಕೊಂಡು ಹೋಗ್ತಾರ. ಮೇಡಂ ಸೀಟಿ ಊದಿದ್ರ ಹುಡುಗರು ಸಾಲಾಗಿ ನಿಲ್ತಾರ. ಅದು ಯಾವ ಪೇಪರಿನಲ್ಲೂ ಸುದ್ದಿ ಅಲ್ಲ. ಅದೇ ಹುಡುಗ ದೊಡ್ಡವನಾಗಿ ಸಂಬಳದ ತಂಡಕ್ಕೆ ಸೇರಿದ ಮೇಲೆ, “ಹೆಣ್ಣುಮಗಳ ಮಾತು ಆಟಗಾರರು ಕೇಳ್ತಾರೇನು?” ಅಂತ ತಂಡ ನಡೆಸೋರು ಕೇಳ್ತಾರ. ಕೇಳ್ತಾನ್ರೀ, ಹತ್ತು ವರ್ಷದವ ಇದ್ದಾಗಿಂದ ಕೇಳ್ಯಾನ.

ಈ ದಾರಿಗೆ ಬರೋ ಆಸೆ ಇರೋ ತಂಗಿಯರಿಗೆ ಒಂದೆರಡು ಮಾತು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದಬಹುದು. ಫುಟ್‌ಬಾಲ್ ಕೋಚ್ ಆಗಬೇಕಂದ್ರ ಭಾರತೀಯ ಫುಟ್‌ಬಾಲ್ ಫೆಡರೇಶನ್‌ನ ಡಿ ಲೈಸೆನ್ಸ್‌ನಿಂದ ಶುರು, ಆಮೇಲೆ ಏಷ್ಯನ್ ಒಕ್ಕೂಟದ ಸಿ, ಬಿ, ಎ, ಪ್ರೊ. ಆ ಕಾಗದದ ಮೇಲೆ ಗಂಡು-ಹೆಣ್ಣು ಅಂತ ಬೇರೆ ಬೇರೆ ಲೈಸೆನ್ಸ್ ಇಲ್ಲ.

ನಿಮ್ಮ ಶಾಲೆಯಲ್ಲಿ ಹುಡುಗರ ತಂಡ ಕಟ್ಟಿದ ಪಿಟಿ ಟೀಚರಮ್ಮ ಇದ್ರ ಅವರ ಬಗ್ಗೆ ನಮಗೆ ಬರೆದು ಕಳಿಸ್ರಿ. ಅವರು ಎಷ್ಟು ವರ್ಷ ಕಲಿಸಿದರು ಅನ್ನೋದನ್ನ ಮಾತ್ರ ಮರೀದೇ ಬರೀರಿ.