ಕುಡಿ ಮತ್ತು ಕುಡಿತ

ಹೋದ ಡಿಸೆಂಬರ್ ರಜೆಯಲ್ಲಿ ಅಕ್ಕ, ಭಾವ ಮತ್ತು ಅವರ ಆರು ವರ್ಷದ ಮಗಳು ಬೆಂಗಳೂರಿನಿಂದ ಚೆನ್ನೈಗೆ, ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ಕಡಲ ದಂಡೆ ಸುತ್ತಿ ದಣಿದ ಮೇಲೆ, ಹತ್ತಿರದ ದೊಡ್ಡ ಹೋಟೆಲಿನಲ್ಲಿ ಕೂತು ಒಂದು ಬಿಯರ್ ಕುಡಿದು ಊಟ ಮುಗಿಸೋಣ ಎಂದರು ಭಾವ. ಬೆಂಗಳೂರಿನಲ್ಲಿ ಭಾನುವಾರ ಮಧ್ಯಾಹ್ನ ಬ್ರೂಪಬ್ಬಿಗೆ ಹೋಗುವುದು ಅವರಿಗೆ ಹೊಸದಲ್ಲ. ದೊಡ್ಡವರು ಬಿಯರ್ ಕುಡಿಯುತ್ತಾರೆ, ಮಗಳು ಫ್ರೆಂಚ್ ಫ್ರೈಸ್ ತಿನ್ನುತ್ತಾ ಬಣ್ಣ ತುಂಬುತ್ತಾಳೆ. ಇಲ್ಲಿ ಬಾಗಿಲಲ್ಲೇ ಒಬ್ಬರು ತಡೆದರು.

"ಮಗು ಒಳಗೆ ಬರೋ ಹಾಗಿಲ್ಲ ಸಾರ್."

"ಅವಳೇನು ಕುಡಿಯೋದಕ್ಕೆ ಬಂದಿದ್ದಾಳಾ?" ಎಂದು ಭಾವ ಸಿಡುಕಿದರು. ಪ್ರಯೋಜನವಾಗಲಿಲ್ಲ. ದೋಸೆ ತಿಂದು ಆಟೋ ಹತ್ತಿದೆವು.

ದಾರಿಯಲ್ಲಿ ಸಿಗ್ನಲ್ ಬಿತ್ತು. ಪಕ್ಕದಲ್ಲಿ ಟಾಸ್ಮಾಕ್ ಅಂಗಡಿ, ಅಂದರೆ ತಮಿಳುನಾಡು ಸರ್ಕಾರದ ಮದ್ಯದಂಗಡಿ. ಅದರ ಮುಂದೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಎಂಟೊಂಬತ್ತು ವರ್ಷದ ಹುಡುಗ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯತ್ತಲೇ ನೋಡುತ್ತಾ ಕೂತಿದ್ದ. "ಚಿಕ್ಕಿ, ಆ ಅಣ್ಣ ಯಾಕೆ ಅಲ್ಲೇ ಕೂತಿದಾನೆ? ಅವನನ್ನೂ ಒಳಗೆ ಬಿಡಲ್ವಾ?" ಎಂದು ಮಗು ಕೇಳಿತು. ನಾನು ಏನೋ ಹೇಳಿ ಮಾತು ಮರೆಸಿದೆ.

ಭಾವನ ಪ್ರಶ್ನೆ ಈಗ ಅನೇಕರದು: ಬಾರಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಆದರೆ ನನ್ನನ್ನು ಕಾಡಿದ್ದು ಮಗಳ ಪ್ರಶ್ನೆ. ಚೆನ್ನೈನಲ್ಲಿ ಕುಡಿತ ಮತ್ತು ಮಗುವಿನ ನಡುವೆ ಬಾಗಿಲು ಹಾಕುವ ಕೆಲಸ ಸುಮಾರು ತೊಂಬತ್ತು ವರ್ಷಗಳಿಂದ ನಡೆದಿದೆ. ಅದರಿಂದ ಯಾವ ಮಕ್ಕಳಿಗೆ ಏನಾಯಿತು ಎಂದು ನೋಡಬೇಕೆನಿಸಿತು.

ಅನುವಾದದ ಕೆಲಸ ಮಾಡುವವಳಾದ್ದರಿಂದ ಮೊದಲು ಒಂದು ಪದದ ವಿಷಯ. ಕನ್ನಡದಲ್ಲಿ 'ಕುಡಿ' ಎಂದರೆ ಪಾನ ಮಾಡು ಎಂದೂ ಹೌದು, ಚಿಗುರು ಎಂದೂ ಹೌದು. ಮನೆಯ ಮಗುವನ್ನು ವಂಶದ ಕುಡಿ ಎನ್ನುತ್ತೇವೆ. ತಮಿಳಿನಲ್ಲೂ 'ಕುಡಿ' ಎಂದರೆ ಕುಡಿತ, ಜೊತೆಗೆ ಮನೆತನ, ಪ್ರಜೆ ಎಂಬ ಅರ್ಥವೂ ಇದೆ. 'ಕುಡಿಮಗನ್' ಎಂದರೆ ನಾಗರಿಕ; ತಮಾಷೆಗೆ ಕುಡುಕ. ಇವು ಒಂದೇ ಬೇರಿನ ಪದಗಳಲ್ಲ, ಕೇಳುವುದಕ್ಕೆ ಒಂದೇ ಅಷ್ಟೆ. ಆದರೂ ಈ ಚರಿತ್ರೆಯನ್ನು ಓದುವಾಗ ಎರಡು ಅರ್ಥಗಳೂ ಒಟ್ಟೊಟ್ಟಿಗೇ ಎದುರಾಗುತ್ತವೆ.

ನಮ್ಮ ಅಜ್ಜಿ ಪುತ್ತೂರು ಕಡೆಯವರು. ಕಳ್ಳಿನಂಗಡಿಗೆ ಅವರ ಬಾಯಲ್ಲಿ 'ಗಡಂಗು' ಎಂದೇ ಹೆಸರು. ಬಾಲ್ಯದಲ್ಲಿ ಗಡಂಗಿನಿಂದ ಕಳ್ಳು ತರಲು ಓಡುತ್ತಿದ್ದವರು ಮಕ್ಕಳೇ ಎಂದು ಅವರು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ಮರದಿಂದ ಇಳಿಸುವ ಮಡಕೆಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾದ ನೀರಾ, ತಮಿಳರ ಪದನೀರ್, ಮಕ್ಕಳೂ ಕುಡಿಯುತ್ತಾರೆ. ಸುಣ್ಣವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿತು ಕಳ್ಳಾಗುತ್ತದೆ. ಮಗು ಕುಡಿಯಬಹುದಾದದ್ದಕ್ಕೂ ಕುಡಿಯಬಾರದ್ದಕ್ಕೂ ನಡುವೆ ಇದ್ದದ್ದು ಒಂದಿಷ್ಟು ಸುಣ್ಣ.

ಮಕ್ಕಳನ್ನು ಹೀಗೆ ಅಟ್ಟುವುದು ನಮ್ಮಲ್ಲಿ ಮಾತ್ರ ಇದ್ದ ರೂಢಿಯಲ್ಲ. ಇಂಗ್ಲೆಂಡಿನಲ್ಲಿ ಜಗ್ ಹಿಡಿದು ಮನೆಗೆ ಬಿಯರ್ ತರುತ್ತಿದ್ದವರೂ ಮಕ್ಕಳು. 1901ರ ಕಾನೂನು ಹದಿನಾಲ್ಕರೊಳಗಿನವರ ಕೈಗೆ ಮೊಹರು ಹಾಕಿದ ಬಾಟಲಿಯಲ್ಲಲ್ಲದೆ ಮದ್ಯ ಕೊಡಕೂಡದು ಎಂದಿತು. 1908ರ ಮಕ್ಕಳ ಕಾಯ್ದೆ ಅದೇ ವಯಸ್ಸಿನವರನ್ನು ಪಬ್ಬಿನ ಬಾರಿನಿಂದ ಹೊರಗಿಟ್ಟಿತು. ಆಮೇಲೆ, ಹೆತ್ತವರು ಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಿ ತಾವು ಒಳಗೆ ಹೋಗುತ್ತಾರೆ ಎಂಬ ದೂರು ಹುಟ್ಟಿತು. ಸ್ಕೂಟರಿನ ಮೇಲಿನ ಹುಡುಗನಿಗೆ ನೂರು ವರ್ಷ ಹಿಂದಿನ ಜೊತೆಗಾರರಿದ್ದಾರೆ.

ಮದ್ರಾಸಿನಲ್ಲಿ ವಿಷಯ ಬೇರೆ ದಾರಿ ಹಿಡಿಯಿತು. ಅಬಕಾರಿ ಇಲ್ಲಿ ಬ್ರಿಟಿಷ್ ಸರ್ಕಾರದ ದೊಡ್ಡ ವರಮಾನವಾಗಿತ್ತು. ಮದ್ರಾಸ್ ಅಬಕಾರಿ ಕಾಯ್ದೆ 1886ರದು. 1919ರ ಸುಧಾರಣೆಗಳ ನಂತರ ಶಿಕ್ಷಣ ಮತ್ತು ಅಬಕಾರಿ ಎರಡೂ ಪ್ರಾಂತ್ಯಗಳ ಭಾರತೀಯ ಮಂತ್ರಿಗಳ ಪಾಲಿಗೆ ಬಂದವು. ಶಾಲೆಗೆ ದುಡ್ಡು ಬೇಕೆಂದರೆ ಹೆಂಡದ ಹುಟ್ಟುವಳಿಯತ್ತಲೇ ನೋಡುವ ಸ್ಥಿತಿ. ಮಕ್ಕಳ ಓದು ತಂದೆಯರ ಕುಡಿತದ ಮೇಲೆ ನಿಂತಿರುವುದು ಕ್ರೂರವಾದ ವ್ಯಂಗ್ಯ ಎಂದು ಗಾಂಧೀಜಿ 1937ರಲ್ಲಿ 'ಹರಿಜನ'ದಲ್ಲಿ ಬರೆದರು. ಕೈಕೆಲಸದ ಮೂಲಕ ಶಾಲೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಲಿ ಎಂಬ ಅವರ ನಯೀ ತಾಲೀಮ್ ವಾದದ ಹಿಂದೆ ಈ ಚಿಂತೆಯೂ ಇತ್ತು.

ಅದೇ ವರ್ಷ ಮದ್ರಾಸಿನ ಪ್ರಧಾನಿಯಾದ ರಾಜಾಜಿ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ತಂದರು. ಅವರು ಹುಟ್ಟಿದ ತೊರಪಳ್ಳಿ ಹೊಸೂರಿನ ಹತ್ತಿರದ್ದು. ಆಗ ಹೊಸೂರು ಸೇಲಂ ಜಿಲ್ಲೆಗೇ ಸೇರಿತ್ತು. ಹಾಗಾಗಿ ಈ ಕಾನೂನಿನ ಮೊದಲ ಪ್ರಯೋಗಕ್ಕೆ ಒಳಗಾದವರಲ್ಲಿ ಹೊಸೂರು ಸೀಮೆಯ ಕನ್ನಡಿಗರೂ ಇದ್ದರು. ಕೈತಪ್ಪುವ ಆದಾಯವನ್ನು ತುಂಬಲು 1939ರಲ್ಲಿ ರಾಜಾಜಿ ಮಾರಾಟ ತೆರಿಗೆ ತಂದರು. ಯುದ್ಧದ ವರ್ಷಗಳಲ್ಲಿ ನಿಷೇಧ ಸಡಿಲವಾಗಿ, ಮತ್ತೆ ಬಿಗಿಯಾಗಿ, 1948ರ ಅಕ್ಟೋಬರ್ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು. ಅಂದರೆ ದಕ್ಷಿಣ ಕನ್ನಡ, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲಗಳಿಗೂ ಬಂತು. ಅಜ್ಜಿಯ ಊರಿನ ಗಡಂಗು ಮುಚ್ಚಿದ್ದು ಮದ್ರಾಸಿನ ಕಾನೂನಿನಿಂದ.

ನಿಷೇಧದ ಪರವಾದ ಮಾತುಗಳಲ್ಲೆಲ್ಲ ಮಗು ಇತ್ತು. ಅಪ್ಪನ ಕೂಲಿ ಅಂಗಡಿಯಲ್ಲೇ ಕರಗಿಹೋಗಿ ಹಸಿದು ಮಲಗುವ ಮಗು. ಅದು ಸುಳ್ಳಲ್ಲ. ಆದರೆ ಕಾನೂನಿನ ಇನ್ನೊಂದು ಫಲದ ಬಗ್ಗೆ ಮಾತು ಕಡಿಮೆ. ಕುಡಿತ ನಿಲ್ಲಲಿಲ್ಲ, ಮರೆಗೆ ಸರಿಯಿತು. ಉಳ್ಳವರು ಪರ್ಮಿಟ್ ಪಡೆದು ಕುಡಿದರು, ಇಲ್ಲದವರು ಕಳ್ಳಭಟ್ಟಿಗೆ ಹೋದರು. ಒಂದು ತಲೆಮಾರಿಗೆ ಕುಡಿಯುವ ಜಾಗವೆಂದರೆ ಮನೆಯವರಿಗೆ ಹೇಳದೆ ಹೋಗುವ ಜಾಗ ಎಂದಾಯಿತು.

1971ರಲ್ಲಿ ಕರುಣಾನಿಧಿ ಸರ್ಕಾರ ನಿಷೇಧ ತೆಗೆಯಿತು. ತೊಂಬತ್ತೆರಡರ ರಾಜಾಜಿ ಗೋಪಾಲಪುರದ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡ ಪ್ರಸಂಗವನ್ನು ಇಲ್ಲಿ ಇಂದಿಗೂ ಹೇಳುತ್ತಾರೆ. 1974ರಲ್ಲಿ ಅದೇ ಸರ್ಕಾರ ಮತ್ತೆ ನಿಷೇಧ ಹೇರಿತು. 1981ರಲ್ಲಿ ಎಂಜಿಆರ್ ಸಡಿಲಿಸಿದರು. 1982ರಲ್ಲಿ ಅವರದೇ ಪೌಷ್ಟಿಕ ಮಧ್ಯಾಹ್ನದ ಊಟದ ಯೋಜನೆ, 1983ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆ ಟಾಸ್ಮಾಕ್. 2003ರ ನವೆಂಬರ್‌ನಲ್ಲಿ ಚಿಲ್ಲರೆ ಮಾರಾಟವೂ ಟಾಸ್ಮಾಕ್ ಕೈಗೆ ಬಂತು. ಊಟ ಮತ್ತು ಮದ್ಯ ಹೀಗೆ ಬೆನ್ನುಬೆನ್ನಿಗೆ ಬಂದದ್ದನ್ನು ತಮಿಳರು ಮರೆತಿಲ್ಲ. 2023-24ರಲ್ಲಿ ಟಾಸ್ಮಾಕ್‌ನಿಂದ ಸರ್ಕಾರಕ್ಕೆ ಬಂದ ತೆರಿಗೆ ಸುಮಾರು 45,800 ಕೋಟಿ ರೂಪಾಯಿ. ಅದೇ ಖಜಾನೆಯಿಂದ, 2022ರಿಂದ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಗಿನ ತಿಂಡಿಯೂ ಸಿಗುತ್ತದೆ. ಇದರ ದುಡ್ಡು ಅದಕ್ಕೆ ಎಂದು ಯಾರೂ ಗಂಟು ಹಾಕಿಟ್ಟಿಲ್ಲ. ಆದರೆ 1937ರಲ್ಲಿ ಗಾಂಧೀಜಿ ಕಂಡ ವ್ಯಂಗ್ಯ ಮುಗಿದಿಲ್ಲ.

ಇಷ್ಟು ಏರಿಳಿತಗಳ ನಡುವೆ ಮಗುವಿನ ಬಗ್ಗೆ ಕಾನೂನು ಎರಡು ಅಳತೆಗಳನ್ನು ಇಟ್ಟುಕೊಂಡಿದೆ. ಒಂದು ವಯಸ್ಸು: ಇಪ್ಪತ್ತೊಂದರೊಳಗಿನವರಿಗೆ ಮಾರಕೂಡದು. ಇನ್ನೊಂದು ದೂರ: 2003ರ ನಿಯಮಗಳ ಪ್ರಕಾರ ಶಾಲೆ ಮತ್ತು ಪೂಜಾಸ್ಥಳಗಳಿಂದ ನಗರದಲ್ಲಿ 50 ಮೀಟರ್, ಬೇರೆ ಕಡೆ 100 ಮೀಟರ್. ಶಾಲೆ ಮತ್ತು ಚರ್ಚಿನ ಹತ್ತಿರದ ಅಂಗಡಿ ತೆಗೆಸಬೇಕೆಂದು ಹೋರಾಡುತ್ತಿದ್ದ ಗಾಂಧಿವಾದಿ ಶಶಿ ಪೆರುಮಾಳ್ 2015ರ ಜುಲೈ 31ರಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಮೊಬೈಲ್ ಟವರ್ ಹತ್ತಿ ಪ್ರತಿಭಟಿಸುವಾಗ ತೀರಿಕೊಂಡರು. ಕೆಲವೇ ದಿನಗಳಲ್ಲಿ ಚೆನ್ನೈನ ಪಚ್ಚಯಪ್ಪ ಕಾಲೇಜಿನ ವಿದ್ಯಾರ್ಥಿಗಳು ಚೇತ್‌ಪೇಟೆಯ ಟಾಸ್ಮಾಕ್ ಅಂಗಡಿಗೆ ನುಗ್ಗಿ ಬಾಟಲಿ ಒಡೆದರು. ಆಮೇಲಿನ ಸರ್ಕಾರಗಳು 2016, 2017 ಮತ್ತು 2023ರಲ್ಲಿ ತಲಾ 500 ಅಂಗಡಿ ಮುಚ್ಚಿದವು. ಉಳಿದದ್ದು ಸುಮಾರು 4,800.

50 ಮೀಟರ್ ಎಂದರೆ ಶಾಲೆಯ ಗೇಟಿನಿಂದ ಮುಂದಿನ ತಿರುವು. ಅಷ್ಟು ದೂರ ನಡೆದುಹೋಗುವ ಮಕ್ಕಳಿದ್ದಾರೆ. ಅಪ್ಪನನ್ನು ಕರೆತರಲು ಹೋಗುವವರು, ಹೊರಗೆ ಕಾಯುವವರು. ಹದಿನಾಲ್ಕರೊಳಗಿನ ಮಕ್ಕಳು ಹೋಟೆಲು, ಢಾಬಾಗಳಲ್ಲಿ ಮೇಜು ಒರೆಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರಲ್ಲಿ. 2015ರ ಬಾಲನ್ಯಾಯ ಕಾಯ್ದೆ ಮಗುವಿಗೆ ಮದ್ಯ ಕೊಡುವುದಷ್ಟೇ ಅಲ್ಲ, ಮದ್ಯ ಸಾಗಿಸಲು ಅಥವಾ ಮಾರಲು ಮಗುವನ್ನು ಬಳಸುವುದನ್ನೂ ಏಳು ವರ್ಷದವರೆಗೆ ಜೈಲಾಗಬಹುದಾದ ಅಪರಾಧವಾಗಿಸಿತು. ಅಂಗಡಿ ಎಲ್ಲಿರಬೇಕು ಎಂಬುದಕ್ಕಿಂತ ಮಗುವಿನ ಕೈಯಲ್ಲಿ ಏನಿದೆ ಎಂದು ಕೇಳಿದ ಕಾನೂನು ಇದು. ಆದರೆ ಸುಮ್ಮನೆ ಕಾಯುತ್ತಾ ಕೂತ ಮಗು ಇದಕ್ಕೂ ಸಿಗುವುದಿಲ್ಲ.

ಬೆಂಗಳೂರಿನ ದಾರಿ ಬೇರೆ. ಅಲ್ಲಿ ಬ್ರೂಪಬ್ಬಿಗೆ ದೊಡ್ಡ ಕಿಟಕಿಗಳಿವೆ, ಹೆಂಗಸರು ಕೂರುತ್ತಾರೆ, ಮಕ್ಕಳು ಓಡಾಡುತ್ತಾರೆ. 2023ರ ಆರಂಭದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕಿಳಿಸುವ ಕರಡು ಹೊರಟಾಗ ವಿರೋಧ ಬಂದು ಸರ್ಕಾರ ಅದನ್ನು ಕೈಬಿಟ್ಟಿತು. ಹಿರಿಯರ ಎದುರು ಮಿತವಾಗಿ ಕುಡಿಯುವುದನ್ನು ನೋಡಿ ಬೆಳೆದ ಮಗು ಕದ್ದು ಕುಡಿಯುವುದಿಲ್ಲ ಎಂದು ಭಾವ ವಾದಿಸುತ್ತಾರೆ. ಇರಬಹುದು. ಆದರೆ ಎರಡನೆಯ ಗ್ಲಾಸಿಗೇ ನಿಲ್ಲಿಸುವ ಅಪ್ಪನ ಎದುರು ಕೂತ ಮಗುವಿನ ಮಾತಾಯಿತು ಅದು. ನಿಲ್ಲಿಸದ ಅಪ್ಪನ ಎದುರು ಕೂತ ಮಗು ಬ್ರೂಪಬ್ಬಿನಲ್ಲಿದ್ದರೂ ಕಾಯುತ್ತಲೇ ಇರುತ್ತದೆ, ಎಸಿಯಲ್ಲಿ.

ನನ್ನ ಮಟ್ಟಿಗೆ, ಅಕ್ಕನ ಮಗಳು ಊಟದ ಹೊತ್ತಿನಲ್ಲಿ ಅಂಥ ಕಡೆ ಒಂದು ಗಂಟೆ ಕೂತರೆ ತಪ್ಪೇನಿಲ್ಲ. ಆ ಹೋಟೆಲಿನವರು ಬೇಡವೆಂದದ್ದರಲ್ಲೂ ತಪ್ಪಿಲ್ಲ. ಅದು ಈ ಊರಿನ ಚರಿತ್ರೆಯಿಂದ ಬಂದ ಸಂಕೋಚ. ಆದರೆ ಬಾಗಿಲು ತೆಗೆಯುವುದಾಗಲಿ ಹಾಕುವುದಾಗಲಿ ಆ ಹುಡುಗನಿಗೆ ಸಂಬಂಧಿಸಿದ್ದೇ ಅಲ್ಲ. ಅವನಿಗೆ ಬೇಕಾದದ್ದು ಅಪ್ಪ ಬೇಗ ಹೊರಗೆ ಬರುವುದು, ಬಂದ ಮೇಲೆ ಸ್ಕೂಟರ್ ಓಡಿಸುವ ಸ್ಥಿತಿಯಲ್ಲಿರುವುದು. ಕುಡಿತ ಬಿಡಬೇಕೆನ್ನುವವರಿಗೆ ಮನೆಯ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಂಬಳ ನೇರವಾಗಿ ಮನೆಗೆ ತಲುಪುವ ವ್ಯವಸ್ಥೆ, ಕುಡಿದು ಮಗುವನ್ನು ಕೂರಿಸಿಕೊಂಡು ಹೊರಟವರನ್ನು ತಡೆಯುವ ಪೊಲೀಸು. 45,800 ಕೋಟಿಯಲ್ಲಿ ಇದಕ್ಕೆ ಎಷ್ಟು ಎಂಬ ಪ್ರಶ್ನೆಯನ್ನು 50 ಮೀಟರಿನ ಪ್ರಶ್ನೆಗಿಂತ ಮೊದಲು ಕೇಳಬೇಕಿತ್ತು.

ಅಂದು ಸಿಗ್ನಲ್ ಬಿಟ್ಟು ಆಟೋ ಮುಂದೆ ಹೋಯಿತು. ಮಗು ಹಿಂದಕ್ಕೆ ತಿರುಗಿ ನೋಡುತ್ತಲೇ ಇತ್ತು. "ಇನ್ನೂ ಬಂದಿಲ್ಲ ಚಿಕ್ಕಿ," ಎಂದಿತು.