ಒಂದೇ ಅಚ್ಚಿನ ಕಲ್ಲುಗಳಲ್ಲ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟ 1902ರಲ್ಲಿ ಬಂತು, ಎಂಟನೆಯದು 1904ರಲ್ಲಿ. ಶಿಕಾರಿಪುರ ತಾಲೂಕಿನ ಶಾಸನಗಳು ಏಳರಲ್ಲಿವೆ, ಸೊರಬದವು ಎಂಟರಲ್ಲಿ. ಎರಡನ್ನೂ ಎದುರಿಗಿಟ್ಟುಕೊಂಡು ವೀರಗಲ್ಲಿನ ಶಾಸನಗಳನ್ನಷ್ಟೇ ಓದುತ್ತ ಹೋದೆ. ಶಕವರ್ಷ, ಸಂವತ್ಸರ, ಅರಸನ ಬಿರುದುಗಳು, ನಾಡಗಾವುಂಡನ ಹೆಸರು, ತುರು ಹೊಡೆದೊಯ್ದವರ ಮೇಲೆ ಬಿದ್ದು ಕಾದಿದ್ದು, ಕೊನೆಗೆ ‘ಸುರಲೋಕಪ್ರಾಪ್ತನಾದ’. ಊರು ಬೇರೆ, ವೀರ ಬೇರೆ, ಮಾತಿನ ಧಾಟಿ ಮಾತ್ರ ಅದೇ. ಹತ್ತಾರು ಓದಿದ ಮೇಲೆ ಎಲ್ಲವನ್ನೂ ಒಂದೇ ಕಟ್ಟಿಗೆ ಸೇರಿಸಿ ‘ತುರುಗೊಳ್’ ಎಂದು ಗುರುತು ಹಾಕಿಬಿಟ್ಟೆ. ಕಲ್ಲುಗಳ ಮುಂದೆ ಹೋಗಿ ನಿಂತ ದಿನ ಆ ಕಟ್ಟನ್ನು ಬಿಚ್ಚಬೇಕಾಯಿತು.

ಸೊರಬ ತಾಲೂಕಿನ ಉದ್ರಿ ಹಿಂದೆ ಉದ್ಧರೆ. ಜಿಡ್ಡುಳಿಗೆ ನಾಡಿನ ರಾಜಧಾನಿ. ಶಿಕಾರಿಪುರ ತಾಲೂಕಿನ ಬಂದಳಿಕೆ ನಾಗರಖಂಡ ಎಪ್ಪತ್ತರ ಮುಖ್ಯ ಊರು. ಎರಡೂ ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿದ ನಾಡುಗಳು. ಎರಡು ಕಡೆಯೂ ವೀರಗಲ್ಲಿನ ಮೂಲ ಚೌಕಟ್ಟು ಒಂದೇ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ನಂದಿ, ಪೂಜಾರಿ, ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಣ ಅಡ್ಡಪಟ್ಟಿಯಲ್ಲಿ ಅಕ್ಷರ.

ಆದರೆ ಚೌಕಟ್ಟಿನ ಒಳಗೆ ಎಲ್ಲವೂ ಬದಲಾಗುತ್ತದೆ. ಒಂದರಲ್ಲಿ ವೀರ ಬಿಲ್ಲು ಹಿಡಿದಿದ್ದಾನೆ, ಇನ್ನೊಂದರಲ್ಲಿ ಕತ್ತಿ ಗುರಾಣಿ, ಮತ್ತೊಂದರಲ್ಲಿ ಕುದುರೆಯ ಮೇಲಿದ್ದಾನೆ. ತುರುಗೊಳ್ ಆದರೆ ಮೂಲೆಯಲ್ಲಿ ದನಗಳು ಗುಂಪಾಗಿ ನಿಂತಿರುತ್ತವೆ. ಸತ್ತವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬ. ಹೆಂಡತಿ ಸಹಗಮನ ಮಾಡಿದ್ದರೆ ಬಳೆ ತೊಟ್ಟು ಮೇಲಕ್ಕೆತ್ತಿದ ತೋಳು. ಆಗ ಅದು ವೀರಗಲ್ಲೂ ಹೌದು, ಮಾಸ್ತಿಕಲ್ಲೂ ಹೌದು. ರೈಸ್ ಅವರ ಸಂಪುಟದಲ್ಲಿ ಮೂಲಪಾಠವಿದೆ, ರೋಮನ್ ಲಿಪ್ಯಂತರವಿದೆ, ಇಂಗ್ಲಿಷ್ ಅನುವಾದವಿದೆ, ಕಲ್ಲು ಎಲ್ಲಿತ್ತೆಂಬ ಒಂದು ಸಾಲಿನ ಸೂಚನೆಯೂ ಇದೆ. ಆ ಒಂದು ಸಾಲು ಇಲ್ಲದಿದ್ದರೆ ಇಂದು ಹುಡುಕಾಟವೇ ಸಾಧ್ಯವಿರಲಿಲ್ಲ. ಅವರು ಹೊರಟದ್ದು ಅಕ್ಷರಕ್ಕಾಗಿ. ಹಾಗಾಗಿ ಶಿಲ್ಪದ ವಿವರ ಹೆಚ್ಚು ಸಿಗುವುದಿಲ್ಲ, ಅಕ್ಷರವೇ ಇಲ್ಲದ ವೀರಗಲ್ಲು ಸಂಪುಟದೊಳಗೆ ಬರುವುದೇ ಇಲ್ಲ.

ಈ ತೊಡಕಿನಲ್ಲಿದ್ದಾಗ ನನಗೆ ದಾರಿ ತೋರಿದ್ದು ತೀರ ದೂರದ ಒಂದು ವಿದ್ಯೆ: ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗಳ ಅಧ್ಯಯನ. ಏಳನೆಯ ಮಾದರಿಯ ‘ಸಿ’ ವರ್ಗದಲ್ಲಿ 500ಕ್ಕೂ ಹೆಚ್ಚು ದೋಣಿಗಳು ತಯಾರಾದವು. ಕಾಗದದ ಮೇಲೆ ಎಲ್ಲವೂ ಒಂದೇ ವರ್ಗ. ಆದರೆ ಹ್ಯಾಂಬರ್ಗ್, ಕೀಲ್ ಮೊದಲಾದ ಕಡೆಗಳ ಬೇರೆ ಬೇರೆ ಹಡಗುಕಟ್ಟೆಗಳು ಅವನ್ನು ಕಟ್ಟಿದವು. ಹೊರಮೈಯಲ್ಲಿ ನೀರು ಒಳಬಂದು ಹೊರಹೋಗಲು ಬಿಟ್ಟ ಕಂಡಿಗಳ ಸಾಲು ಕಟ್ಟೆಯಿಂದ ಕಟ್ಟೆಗೆ ಬೇರೆಯಾಗಿತ್ತು. ಯುದ್ಧ ಮುಂದುವರಿದಂತೆ ವಿಮಾನದಾಳಿ ಹೆಚ್ಚಿತು. ಮುಂದಿನ ಅಟ್ಟದ ಫಿರಂಗಿ ತೆಗೆದು, ಗೋಪುರದ ಹಿಂದೆ ವಿಮಾನ ಹೊಡೆಯುವ ತೋಪುಗಳನ್ನು ಕೂರಿಸಿದರು. ಅದರಿಂದಾಗಿ ಹೆಸರಿಲ್ಲದ ಹಳೆಯ ಫೋಟೋ ಸಿಕ್ಕರೂ ಸಂಶೋಧಕರು ಕಂಡಿಗಳನ್ನು ನೋಡಿ ಯಾವ ಕಟ್ಟೆಯದೆಂದು, ತೋಪುಗಳನ್ನು ನೋಡಿ ಯಾವ ಕಾಲದ್ದೆಂದು ಹತ್ತಿರಕ್ಕೆ ಬರುತ್ತಾರೆ. ವರ್ಗದ ಹೆಸರು ಹೇಳದ್ದನ್ನು ಸಣ್ಣ ವ್ಯತ್ಯಾಸ ಹೇಳುತ್ತದೆ.

ನಮ್ಮ ಕಲ್ಲುಗಳಿಗೂ ಕಟ್ಟೆಗಳಿದ್ದವು. ಶಿಕಾರಿಪುರದ ಹತ್ತಿರದ ಬಳ್ಳಿಗಾವಿ ಮಠಗಳ, ವರ್ತಕರ ಊರಾಗಿದ್ದಂತೆಯೇ ರೂವಾರಿಗಳ ಊರೂ ಆಗಿತ್ತು. ಅಲ್ಲಿನ ಗಂಡಭೇರುಂಡ ಕಂಬ 1047ರದು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದ ದಾಸೋಜ, ಅವನ ಮಗ ಚಾವಣ ಇದೇ ಬಳ್ಳಿಗಾವಿಯವರು. ಶಿಲ್ಪಗಳ ಕೆಳಗೆ ಹೆಸರು ಕೆತ್ತಿಟ್ಟಿದ್ದಾರೆ. ಇಂಥ ಕೈಗಳಿದ್ದ ಸೀಮೆಯಲ್ಲಿ ವೀರಗಲ್ಲು ಕೆತ್ತಿದವನು ಹೆಸರು ಬಿಡದಿದ್ದರೂ ತನ್ನ ಕೈಗುಣವನ್ನು ಬಿಟ್ಟೇ ಇರುತ್ತಾನೆ.

ಹಾಗೆಂದು ಹೊಸದಾಗಿ ಪಟ್ಟಿ ಮಾಡಿದೆ. ಶಾಸನದ ಸಂಖ್ಯೆ, ಊರು, ಕಾಲ, ಅರಸ, ಸಾವಿನ ಕಾರಣ ಒಂದು ಕಡೆ. ಪಟ್ಟಿಕೆ ಎಷ್ಟು, ಆಯುಧ ಯಾವುದು, ಅಪ್ಸರೆಯರು ಎಷ್ಟು ಮಂದಿ, ಅಕ್ಷರ ಎಲ್ಲಿದೆ, ಅಂಚಿನ ಕಂಬ ಹೇಗಿದೆ ಎಂಬುದು ಇನ್ನೊಂದು ಕಡೆ. ಹೀಗೆ ಜೋಡಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಉಳಿದದ್ದಕ್ಕೂ ಬದಲಾದದ್ದಕ್ಕೂ ಇರುವ ಅಂತರ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಈ ಸೀಮೆ ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣರ ನಡುವೆ ಕೈ ಬದಲಾಯಿಸಿತು. ಶಾಸನದ ಮೇಲಿನ ಬಿರುದುಗಳೂ ಹಾಗೆಯೇ ಬದಲಾದವು. ಮೂರು ಪಟ್ಟಿಕೆಯ ಚೌಕಟ್ಟು ಮಾತ್ರ ಉಳಿಯಿತು. ಅರಸನ ಹೆಸರು ದೂರದ ರಾಜಧಾನಿಯದು, ಚೌಕಟ್ಟು ಈ ಮಣ್ಣಿನ ರೂಢಿ. ಅದರೊಳಗಿನ ವ್ಯತ್ಯಾಸವೋ, ಸತ್ತ ಆ ಒಬ್ಬ ಮನುಷ್ಯನದು: ಅವನ ಆಯುಧ, ಅವನ ದೇವರು, ಅವನ ಮನೆಯವಳು.

ನಾನು ತಲುಪಿದ ತೀರ್ಮಾನ ಇಷ್ಟು. ವೀರಗಲ್ಲಿನ ಶಾಸನ ಅರ್ಧ ದಾಖಲೆ, ಉಳಿದರ್ಧ ಶಿಲ್ಪದಲ್ಲಿದೆ. ಕೆರೆ ಏರಿ ಅಗಲ ಮಾಡುವಾಗ, ಗುಡಿ ಹೊಸದು ಮಾಡುವಾಗ ಕಲ್ಲನ್ನು ಸರಿಸುವುದೇ ಆದರೆ, ಮೊದಲು ಪ್ರತಿ ಪಟ್ಟಿಕೆಯ ಫೋಟೋ ತೆಗೆಯಿರಿ. ಅದು ನಿಂತಿದ್ದ ಜಾಗ, ಮುಖ ಮಾಡಿದ್ದ ದಿಕ್ಕು ಬರೆದಿಡಿ. ಎಣ್ಣೆ ಬಣ್ಣ ಬಳಿಯಬೇಡಿ. ಅಕ್ಷರ ಇಲ್ಲವೆಂದು ಯಾವ ಕಲ್ಲನ್ನೂ ಬಟ್ಟೆ ಒಗೆಯುವ ಹಾಸು ಮಾಡಬೇಡಿ. ಅಕ್ಷರ ಇಲ್ಲದ ಕಲ್ಲಿಗೆ ರೈಸ್ ಅವರ ಪುಸ್ತಕದಲ್ಲಿ ಜಾಗವಿಲ್ಲ. ಅದು ಒಡೆದರೆ ಆ ವೀರನ ಬಗ್ಗೆ ಹೇಳಲು ಲೋಕದಲ್ಲಿ ಬೇರೇನೂ ಉಳಿಯುವುದಿಲ್ಲ.